ಚುಕ್ಕೆಯ ಬಣ್ಣ, ಆಟಗಾರನ ಮೈಕಟ್ಟು

ಪಿಂಗ್ ಕಂಪನಿಯ ಗಾಲ್ಫ್ ಐರನ್ ಕ್ಲಬ್ಬುಗಳ ಮೇಲೆ ಒಂದು ಪುಟ್ಟ ಬಣ್ಣದ ಚುಕ್ಕೆ ಇರುತ್ತದೆ. ಕಪ್ಪಾದರೆ ಸಾಮಾನ್ಯ ಅಳತೆ. ಬೇರೆ ಬಣ್ಣವಾದರೆ, ನೆಲಕ್ಕೂ ಶಾಫ್ಟ್‌ಗೂ ನಡುವಿನ ಲೈ ಕೋನ ಅದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದರ್ಥ. ನಾರ್ವೆಯಲ್ಲಿ ಹುಟ್ಟಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್‌ಸ್ಟನ್ ಸೋಲ್‌ಹೈಮ್ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಪಟರ್ ತಯಾರಿಸಿ ಆರಂಭಿಸಿದ ಕಂಪನಿಯಿದು. ಅವರ ಬಣ್ಣದ ಪಟ್ಟಿ ಮೊದಲಿಗೆ ಕೇಳುವುದು ಎರಡೇ ಅಳತೆ: ಆಟಗಾರನ ಎತ್ತರ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರ.

ಕ್ಲಬ್ಬನ್ನು ಮೈಯಳತೆಗೆ ಹೊಂದಿಸಿಕೊಳ್ಳುವ ಫಿಟ್ಟಿಂಗ್ ವೃತ್ತಿಪರರಿಗೆ ಮಾತ್ರ, ವಾರಕ್ಕೊಮ್ಮೆ ಆಡುವ ಹವ್ಯಾಸಿಗೆ ಅದೇಕೆ ಎಂಬ ಮಾತು ಆಟಗಾರರಲ್ಲಿ ಸಾಮಾನ್ಯ. ಈ ಮಾತು ತಪ್ಪು. ಕ್ಲಬ್ ಗಿಡ್ಡವಾದರೆ ಹವ್ಯಾಸಿ ಬೆನ್ನು ಬಗ್ಗಿಸುತ್ತಾನೆ, ಲೈ ಹೊಂದದಿದ್ದರೆ ಕೈ ಎತ್ತುತ್ತಾನೆ. ಆ ತಿದ್ದುಪಡಿಯೇ ಕ್ರಮೇಣ ಅವನ ಸ್ವಿಂಗ್ ಆಗಿಬಿಡುತ್ತದೆ. ಬಲಗೈ ಆಟಗಾರನ ಕ್ಲಬ್ಬಿನ ತುದಿ ಮೇಲೆದ್ದರೆ ಚೆಂಡು ಎಡಕ್ಕೆ, ಹಿಮ್ಮಡಿ ಎದ್ದರೆ ಬಲಕ್ಕೆ ವಾಲುತ್ತದೆ. 34 ಡಿಗ್ರಿ ಲಾಫ್ಟ್ (ಕ್ಲಬ್ಬಿನ ಮುಖದ ಓರೆ) ಇರುವ 7ನೇ ಐರನ್ನಿನಲ್ಲಿ ಲೈ 2 ಡಿಗ್ರಿ ತಪ್ಪಿದರೆ, 140 ಮೀಟರ್ ದೂರದಲ್ಲಿ ಚೆಂಡು ಸುಮಾರು 3 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ತಪ್ಪು ಹಿಗ್ಗುತ್ತದೆ. ಹಾಗಾಗಿ ಹೆಚ್ಚು ಪೆಟ್ಟು ಬೀಳುವುದು ಲಾಫ್ಟ್ ಕಡಿಮೆಯ ಡ್ರೈವರ್‌ಗಿಂತ ಲಾಫ್ಟ್ ಹೆಚ್ಚಿನ ವೆಡ್ಜ್‌ಗೆ.

ಇವತ್ತಿನ ಫಿಟ್ಟಿಂಗ್ ಎಡವುವುದು ಚೆಂಡಿನ ದಿಕ್ಕು ಬಿಟ್ಟು ದೂರವನ್ನೇ ನೋಡುವುದರಲ್ಲಿ.

ರೇಡಾರ್ ಅಥವಾ ಕ್ಯಾಮೆರಾ ಇರುವ ಲಾಂಚ್ ಮಾನಿಟರ್ ಚೆಂಡಿನ ವೇಗ, ಏರುವ ಕೋನ, ಸ್ಪಿನ್ ಎಲ್ಲವನ್ನೂ ಕ್ಷಣದಲ್ಲಿ ತೋರಿಸುತ್ತದೆ. ಯಂತ್ರದ ಅಳತೆ ನಂಬಬಹುದಾದದ್ದೇ. ಆದರೆ ಅದರ ಪರದೆಯ ಮುಂದೆ ನಿಂತವರ ಕಣ್ಣು ದೂರದ ಅಂಕಿಯ ಮೇಲೆಯೇ ನೆಟ್ಟಿರುತ್ತದೆ. ಹೊಸ ಐರನ್ ಹತ್ತು ಮೀಟರ್ ಹೆಚ್ಚು ಹೊಡೆಯಿತು ಎಂದು ಹಿಗ್ಗುವ ಮೊದಲು ಅದರ ಲಾಫ್ಟ್ ಕೇಳಬೇಕು. ಹಿಂದೆ 34-35 ಡಿಗ್ರಿ ಇರುತ್ತಿದ್ದ 7ನೇ ಐರನ್ ಈಗಿನ ಹಲವು ಮಾದರಿಗಳಲ್ಲಿ 30ಕ್ಕಿಂತ ಕೆಳಗಿಳಿದಿದೆ. ಸಂಖ್ಯೆ ಏಳಾದರೂ ಗುಣದಲ್ಲಿ ಅದು ಹಳೆಯ ಆರೋ ಐದೋ. ಶಾಫ್ಟ್ ಮೇಲಿನ ‘ರೆಗ್ಯುಲರ್’, ‘ಸ್ಟಿಫ್’ ಎಂಬ ಗುರುತುಗಳಿಗೂ ಎಲ್ಲ ಕಂಪನಿಗಳಿಗೆ ಸಮಾನವಾದ ಮಾನದಂಡವಿಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್ ಆಗಿರಬಹುದು.

ಒಳ್ಳೆಯ ಫಿಟ್ಟರ್ ಮೊದಲು ಆಟಗಾರನ ಹಳೆಯ ಕ್ಲಬ್ಬಿನಿಂದಲೇ ಹೊಡೆಸುತ್ತಾನೆ. ಅತ್ಯುತ್ತಮ ಹೊಡೆತವನ್ನು ಬದಿಗಿಟ್ಟು ಸರಾಸರಿಯನ್ನೂ ಚೆಂಡುಗಳು ಎಷ್ಟಗಲ ಚದುರಿದವು ಎಂಬುದನ್ನೂ ನೋಡುತ್ತಾನೆ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ಬಿಗಷ್ಟೇ ಜಾಗವಿರುವುದರಿಂದ ಒಂದಕ್ಕೂ ಇನ್ನೊಂದಕ್ಕೂ ನಡುವಿನ ದೂರ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಪಟರ್ ಅನ್ನೂ ಬಿಡುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನಲ್ಲಿರಲಿಲ್ಲ. ನಾಲ್ಕನೇ ಸ್ಥಾನದವರೆಗೆ ಅವರನ್ನು ಒಯ್ದದ್ದು ಪಟರ್. ಡ್ರೈವರ್ ಫಿಟ್ಟಿಂಗ್‌ಗೆ ಗಂಟೆ ಕಳೆದು ಪಟರ್ ಅನ್ನು ಕಪಾಟಿನಿಂದ ಹಾಗೇ ಎತ್ತಿಕೊಳ್ಳುವ ಹವ್ಯಾಸಿ ಇದನ್ನು ಗಮನಿಸಬೇಕು.

ಸ್ವಿಂಗ್ ಇನ್ನೂ ನೆಲೆ ನಿಲ್ಲದ ಹೊಸಬನಿಗೆ ಪೂರ್ತಿ ಫಿಟ್ಟಿಂಗ್ ಬೇಡ. ಉದ್ದ, ಲೈ, ಗ್ರಿಪ್ಪಿನ ದಪ್ಪ ಇಷ್ಟು ಹೊಂದಿದರೆ ಆರಂಭಕ್ಕೆ ಸಾಕು. ಅದಕ್ಕೆ ಹೊಸ ಸೆಟ್ಟೇ ಆಗಬೇಕೆಂದಿಲ್ಲ. ಫೋರ್ಜ್ ಮಾಡಿದ ಹಳೆಯ ಐರನ್ನುಗಳನ್ನು ಯಂತ್ರದಲ್ಲಿಟ್ಟು ಒಂದೆರಡು ಡಿಗ್ರಿ ಬಾಗಿಸಬಹುದು, ಗ್ರಿಪ್ ಬದಲಿಸಬಹುದು. ಲೈ ಪರೀಕ್ಷಿಸಲಂತೂ ಒಂದು ಮಾರ್ಕರ್ ಪೆನ್ನು ಸಾಕು. ಚೆಂಡಿನ ಹಿಂಬದಿಗೆ ನೆಟ್ಟಗೆ ಒಂದು ಗೆರೆ ಎಳೆದು, ಅದನ್ನು ಕ್ಲಬ್ಬಿನ ಮುಖಕ್ಕೆ ಎದುರಾಗಿಟ್ಟು ಹೊಡೆದರೆ ಮಸಿ ಆ ಮುಖದ ಮೇಲೆ ಮೂಡುತ್ತದೆ. ಗೆರೆ ನೆಟ್ಟಗಿದ್ದರೆ ಲೈ ಸರಿ. ಹತ್ತು ಹೊಡೆತದಲ್ಲೂ ಒಂದೇ ಕಡೆ ವಾಲಿದ್ದರೆ ಕ್ಲಬ್ಬನ್ನು ತಿದ್ದಿಸಬೇಕು.