ಗಾಜಿನ ಮಣಿಗೆ ಎಷ್ಟು ತವರು?

ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಮೇಲೆ ಆ ನೆಲೆಗೆ ಬಂದ ಹೆಸರು ದೊಡ್ಡದು. ಥಾಯ್ಲೆಂಡಿನಿಂದ ಪೂರ್ವ ಆಫ್ರಿಕದವರೆಗೆ ಸಿಗುವ ಕೆಂಪು, ಹಳದಿ, ನೀಲಿಯ ಪುಟ್ಟ ಗಾಜಿನ ಮಣಿಗಳನ್ನು ಅದರ ಲೆಕ್ಕಕ್ಕೇ ಜಮಾ ಮಾಡುವ ರೂಢಿಯೂ ಜೊತೆಗೇ ಬೆಳೆಯಿತು. ಈ ಮಣಿಗಳಿಗೆ ‘ಇಂಡೋ-ಪೆಸಿಫಿಕ್’ ಎಂದು ಹೆಸರಿಟ್ಟ ಪೀಟರ್ ಫ್ರಾನ್ಸಿಸ್, ಕಾದ ಗಾಜನ್ನು ಉದ್ದನೆಯ ಟೊಳ್ಳು ಕೊಳವೆಯಾಗಿ ಎಳೆದು, ಕತ್ತರಿಸಿ, ಮತ್ತೆ ಕಾಯಿಸಿ ಅಂಚು ನಯಮಾಡುವ ಕಸುಬು ಆಂಧ್ರದ ಪಾಪನಾಯ್ಡುಪೇಟೆಯಲ್ಲಿ ಇನ್ನೂ ಉಳಿದಿರುವುದನ್ನು ದಾಖಲಿಸಿದರು. ಅದು ಬೆಲೆಬಾಳುವ ಕೆಲಸ. ಆದರೆ ಎರಡು ಸಾವಿರ ವರ್ಷ ಬದಲಾಗದ ಕಸುಬೆಂದರೆ, ಮಣಿಯ ರೂಪ ನೋಡಿ ಅದರ ಕಾಲವನ್ನೂ ಊರನ್ನೂ ಹೇಳಲಾಗದು ಎಂದೇ ಅರ್ಥ.

ಇಲ್ಲಿ ರಸಾಯನಶಾಸ್ತ್ರವನ್ನು ನಂಬಲೇಬೇಕು. ಈಜಿಪ್ಟಿನ ನ್ಯಾಟ್ರಾನ್ ಕ್ಷಾರದಿಂದಾದ ರೋಮನ್ ಗಾಜಿನಲ್ಲಿ ಅಲ್ಯುಮಿನಾ ಸಾಮಾನ್ಯವಾಗಿ ಶೇ. 2-3, ನಮ್ಮ ಕಡೆಯ ಎಷ್ಟೋ ಮಣಿಗಳಲ್ಲಿ ಅದು ಶೇ. 5ನ್ನು ದಾಟುತ್ತದೆ. ಗ್ರಾನೈಟ್ ಸವೆದು ಆದ ಮರಳಿನ ಫೆಲ್ಡ್‌ಸ್ಪಾರ್ ಅದಕ್ಕೆ ಕಾರಣ. ಸೋಡಾ ಬಂದದ್ದು ಚೌಳು ನೆಲದ ಉಪ್ಪಿನಿಂದ ಎನ್ನಲಾಗುತ್ತದೆ. ಲೋರ್ ದ್ಯುಸುಬ್ಯೂ ಮತ್ತು ಸಂಗಡಿಗರು ಯುರೇನಿಯಂ, ಬೇರಿಯಂಗಳ ಜಾಡು ಹಿಡಿದು ಈ ಗಾಜನ್ನೇ ಗುಂಪುಗಳಾಗಿ ಬಿಡಿಸಿದರು. ಯುರೇನಿಯಂ ಹೆಚ್ಚಿದ್ದು ಬೇರಿಯಂ ಕಡಿಮೆಯಿರುವ ಒಂದು ಗುಂಪು ಪಶ್ಚಿಮ ಕರಾವಳಿಯ ಚೌಲ್‌ನಲ್ಲೂ ಸಿಕ್ಕಿದೆ, ಪೂರ್ವ ಆಫ್ರಿಕದಲ್ಲೂ ಸಿಕ್ಕಿದೆ. ಆ ಮಣಿಗಳನ್ನು ಇನ್ನು ಅರಿಕಮೇಡುವಿನವೆನ್ನಲು ಆಧಾರವಿಲ್ಲ.

ಮುರುಕು ಗಾಜನ್ನು ಮತ್ತೆ ಕರಗಿಸಿದರೆ ಜಾಡು ಕಲಸಿಹೋಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗಾಗಿಯೇ ಒಂದೆರಡು ಮಣಿಗಳ ಅಳತೆ ಸಾಲದು. ಒಂದೊಂದು ಬಣ್ಣಕ್ಕೂ ಹತ್ತಾರು ಮಣಿ ಬೇಕು, ಹಳದಿಗೆ ಬೆರೆಸಿದ ಸೀಸ-ತವರಗಳ ಪಾಲನ್ನು ಕಳೆದು ಮೂಲಗಾಜನ್ನು ಹೋಲಿಸಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ರಸಾಯನ ಹೇಳುವುದು ಗಾಜು ಕರಗಿದ ಕುಲುಮೆಯ ಕಥೆ, ಮಣಿ ಎಳೆದ ಕೈಯ ಕಥೆಯಲ್ಲ. ಶ್ರೀಲಂಕಾದ ಗಿರಿಬಾವದಲ್ಲಿ ಹಸಿ ಗಾಜು ಕರಗಿಸಿದ ಕುರುಹುಗಳಿವೆ. ಅಂಥ ಗಾಜು ಹಡಗೇರಿ ಹೋಗಿ ಕಡಲಾಚೆ ಮಣಿಯಾಗಿರಲೂಬಹುದು. ಅದನ್ನು ತೀರ್ಮಾನಿಸುವುದು ಕತ್ತರಿಸಿ ಬಿಟ್ಟ ಕೊಳವೆ ಚೂರು, ಕಿಟ್ಟ, ಕೆಟ್ಟ ಮಣಿಗಳು. ಮಣ್ಣನ್ನು ಸಣ್ಣ ಜರಡಿಯಲ್ಲಿ ಸೋಸದೆ ಅವು ಕೈಗೆ ಸಿಗವು. ಪ್ರಯೋಗಾಲಯದ ಫಲಿತಾಂಶವನ್ನೇ ಕೊನೆಯ ಮಾತೆಂದು ಅಚ್ಚು ಹಾಕುವ ಬರಹಗಳು ಸೋಲುವುದು ಇಲ್ಲೇ.

ನಮ್ಮ ಚಂದ್ರವಳ್ಳಿ, ಮಸ್ಕಿಗಳ ಮಣಿಗಳನ್ನೂ ಅವು ಸಿಕ್ಕ ಪದರದ ದಾಖಲೆಯೊಡನೆ ಹೀಗೆ ಅಳೆಯಬೇಕು. ಅಪರೂಪದ ವಸ್ತು ಕೆಡುತ್ತದೆಂಬ ಅಳುಕು ಸಹಜವೇ. ಆದರೆ ಈ ಅಳತೆಗೆ ಬಳಸುವ ಲೇಸರ್ ಬಿಡುವ ಗುರುತು ಮಿಲಿಮೀಟರಿನ ಹತ್ತನೇ ಒಂದರಷ್ಟು. ಬರಿಗಣ್ಣಿಗೆ ಅದು ಕಾಣುವುದೂ ಕಷ್ಟ.