ನಗರದ ವೇದಿಕೆಯಲ್ಲಿ ಸಣ್ಣಾಟ: ‘ಸಂಗ್ಯಾ-ಬಾಳ್ಯಾ’ವನ್ನು ಕುರಿತು ಒಂದು ವಿಚಾರ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಎಂ.ಕೆ. ಹುಬ್ಬಳ್ಳಿಯನ್ನು ಹೊರಗಿನವರು ಬಸವಣ್ಣನವರ ಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳವೆಂದು ಬಲ್ಲರು. ನಾಟಕವನ್ನು ಅಭ್ಯಾಸ ಮಾಡುವವರಿಗಾದರೋ ಈ ಊರಿನ ಸುತ್ತಣ ಸೀಮೆ ಇನ್ನೊಂದು ಕಾರಣದಿಂದ ಮುಖ್ಯವಾದುದು. ಇಲ್ಲಿಂದ ಈಶಾನ್ಯಕ್ಕಿರುವ ಬೈಲಹೊಂಗಲದ ಕಡೆಯಲ್ಲಿ ನಡೆದುದೆನ್ನಲಾದ ಒಂದು ಕೊಲೆಯ ವೃತ್ತಾಂತವೇ ‘ಸಂಗ್ಯಾ-ಬಾಳ್ಯಾ’ ಎಂಬ ಸಣ್ಣಾಟವಾಯಿತು; ಅದನ್ನು ಕಟ್ಟಿದವನು ಪತ್ತಾರ ಮಾಸ್ತರನೆಂದು ರೂಢಿಯ ಮಾತು. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣನ ಕೈಯಲ್ಲಿ ಶ್ರೀಕೃಷ್ಣಪಾರಿಜಾತವು ಬೆಳೆಯಿತು; ಕೌಜಲಗಿ ನಿಂಗಮ್ಮನ ಕಂಠದಿಂದ ಅದು ಮನೆಮಾತಾಯಿತು. ಸವದತ್ತಿಯ ಕಡೆಯ ಏಣಗಿಯಿಂದ ಬಂದ ಬಾಳಪ್ಪನವರು (1914–2017) ವೃತ್ತಿರಂಗಭೂಮಿಯಲ್ಲಿ ಒಂದು ಶತಮಾನವನ್ನೇ ಬದುಕಿದರೆನ್ನಬೇಕು.

ಈ ಸೀಮೆಯ ಆಟಗಳು ಈಗ ತಮ್ಮ ಊರುಗಳಲ್ಲಿ ಮಾತ್ರ ಉಳಿದಿಲ್ಲ. 1963ರಲ್ಲಿ ಆರಂಭವಾದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂತಹ ರಂಗಮಂದಿರಗಳಲ್ಲಿಯೂ ಮೈಸೂರಿನ ದಸರೆಯಂತಹ ಉತ್ಸವಗಳಲ್ಲಿಯೂ ನಾಡಿನ ಜನಪದ ಕಲೆಗಳನ್ನು ಪರಸ್ಥಳದವರು ಕಾಣುತ್ತಾರೆ. ನಗರವನ್ನು ನೋಡಲು ಬಂದವನಿಗೆ ಅರಮನೆ, ಉದ್ಯಾನ, ಪೇಟೆಗಳ ಜೊತೆಯಲ್ಲಿ ಒಂದು ಸಂಜೆಯ ಕಲಾಪ್ರದರ್ಶನವೂ ಬೇಕಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಗಿನವರೆಗೆ ಆಡುವ ಆಟವನ್ನು ಅರ್ಧ ಗಂಟೆಗೆ ಇಳಿಸಬೇಕೆಂಬುದು ಇಂತಹ ವೇದಿಕೆಯ ಮೊದಲ ಕಟ್ಟಳೆ. ಹೀಗೆ ಇಳಿಸಿದಾಗ ಆಟದಿಂದ ಏನು ಹೋಗುತ್ತದೆಂಬುದನ್ನು ‘ಸಂಗ್ಯಾ-ಬಾಳ್ಯಾ’ದ ಆಧಾರದಿಂದ ವಿಚಾರಿಸಬೇಕೆಂದಿದ್ದೇವೆ.

ಹೋಗುವುದು ಹೊತ್ತು ಮಾತ್ರವೆಂದು ಹೇಳುವವರಿದ್ದಾರೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಎಲ್ಲವೂ ಚಿನ್ನವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಹೇಳಿದ್ದನ್ನೇ ಮತ್ತೆ ಹೇಳುವುದುಂಟು; ನಟನಿಗೆ ಆಯೇರಿ ಕೊಡುವವರ ಹೆಸರುಗಳನ್ನು ಕೂಗುವುದಕ್ಕಾಗಿ ಕಥೆ ನಿಲ್ಲುವುದುಂಟು; ನಡುರಾತ್ರಿ ಕಳೆದ ಮೇಲೆ ಮುಂದಿನ ಸಾಲಿನವರೇ ತೂಕಡಿಸುವುದುಂಟು. ಊರಿನಲ್ಲಿಯೇ ಆಟ ಹಿಗ್ಗುತ್ತದೆ, ಕುಗ್ಗುತ್ತದೆ. ಆದುದರಿಂದ ಸಂಕ್ಷೇಪವೇ ದೋಷವೆಂದು ನಾವು ಹೇಳಲಾರೆವು. ಏನನ್ನು ಉಳಿಸಿಕೊಂಡು ಏನನ್ನು ಬಿಟ್ಟರೆಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಕಥೆ ವಾಚಕರಿಗೆ ತಿಳಿದುದೇ. ಈರಣ್ಣನು ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೋದಾಗ ಅವನ ಗೆಳೆಯನಾದ ಸಂಗ್ಯಾ ಅವನ ಹೆಂಡತಿ ಗಂಗೆಯಲ್ಲಿ ಮನಸ್ಸಿಡುತ್ತಾನೆ. ಮುದುಕಿ ಪಾರಮ್ಮನು ಮಧ್ಯಸ್ಥಿಕೆ ವಹಿಸುತ್ತಾಳೆ. ವಿಷಯ ಬಯಲಾದ ಮೇಲೆ, ಜೀವದ ಗೆಳೆಯನಾಗಿದ್ದ ಬಾಳ್ಯಾನೇ ಹಣಕ್ಕೆ ಸೋತು ಸಂಗ್ಯಾನನ್ನು ವೈರಿಗಳ ಕೈಗೆ ಒಪ್ಪಿಸುತ್ತಾನೆ. ದೇವತೆಗಳಿಲ್ಲದ, ಕಿರೀಟಗಳಿಲ್ಲದ ಈ ಕಥೆಯಲ್ಲಿ ಘಟನೆಗಳು ನಾಲ್ಕೈದೇ. ರಾತ್ರಿಯ ಬಹುಭಾಗವನ್ನು ತುಂಬುವುದು ಘಟನೆಯಲ್ಲ, ಘಟನೆಗೆ ಮುಂಚಿನ ಹಿಂಜರಿಕೆ. ಗಂಗೆ ಮೊದಲು ಒಲ್ಲೆನೆನ್ನುತ್ತಾಳೆ. ಪಾರಮ್ಮನು ಒಂದೊಂದಾಗಿ ಮಾತಿನ ಬಲೆ ಬೀಸುತ್ತಾಳೆ. ಆ ನಿರಾಕರಣೆ ಎಷ್ಟು ಹೊತ್ತು ನಿಲ್ಲುತ್ತದೆಯೋ ಅಷ್ಟರಮಟ್ಟಿಗೆ ಗಂಗೆ ನಮಗೆ ಮನುಷ್ಯಳಾಗಿ ಕಾಣುತ್ತಾಳೆ.

ನಗರದ ಉತ್ಸವವೊಂದರಲ್ಲಿ ನಾವು ನೋಡಿದ ಪ್ರಯೋಗದಲ್ಲಿ ಈ ಭಾಗಕ್ಕೆ ದೊರೆತದ್ದು ಎರಡು ನುಡಿಗಳ ಹಾಡು. ಪಾರಮ್ಮ ಬಂದಳು, ಹಾಡಿದಳು, ಗಂಗೆ ಒಪ್ಪಿದಳು. ಪ್ರೇಕ್ಷಕರು ನಕ್ಕರು. ಅವರನ್ನು ಆಕ್ಷೇಪಿಸಲಾಗದು, ಕಣ್ಣೆದುರಿಗಿದ್ದುದು ನಗುವಂತಹದೇ ಆಗಿತ್ತು. ಕೊನೆಯಲ್ಲಿ ಸಂಗ್ಯಾನ ಕೊಲೆಯನ್ನು ಮಾತ್ರ ಕೆಂಪು ಬೆಳಕಿನಲ್ಲಿ, ಕುಣಿತದೊಡನೆ, ಸಾಕಷ್ಟು ವಿಸ್ತಾರವಾಗಿಯೇ ತೋರಿಸಿದರು. ಕಥೆಯ ಎಲ್ಲ ಘಟನೆಗಳೂ ಅಲ್ಲಿದ್ದುವು, ಗಂಗೆ ಇರಲಿಲ್ಲ. ಒಬ್ಬ ಹೆಂಗಸಿನ ಸಂಕಟವು ಚಂಚಲೆಯೊಬ್ಬಳ ವಿನೋದವಾಗಿ ಪರಸ್ಥಳದವರ ಎದುರಿಗೆ ನಿಂತಿತು. ಇದನ್ನು ಕಲೆಯ ಹಾನಿಯೆಂದಷ್ಟೇ ಕರೆದರೆ ಸಾಲದು, ಗಂಗೆಗಾದ ಅನ್ಯಾಯವೆಂದೇ ಕರೆಯಬೇಕಾಗುತ್ತದೆ.

ಎರಡನೆಯ ಹಾನಿ ಹಿಮ್ಮೇಳದ್ದು. ಸಣ್ಣಾಟದಲ್ಲಿ ಹಿಮ್ಮೇಳದವರು ಪಾತ್ರಧಾರಿಯ ಬೆನ್ನ ಹಿಂದೆಯೇ ನಿಂತು ಅವನ ನುಡಿಯನ್ನು ಎತ್ತಿ ಹಾಡುತ್ತಾರೆ, ಅವನನ್ನು ಮಾತನಾಡಿಸುತ್ತಾರೆ, ಕೆಣಕುತ್ತಾರೆ. ಅವರು ವಾದ್ಯಗಾರರಷ್ಟೇ ಅಲ್ಲ, ಊರಿನ ಪರವಾಗಿ ನಿಂತ ಸಾಕ್ಷಿಗಳು. ಸಂಗ್ಯಾ ತನ್ನ ಆಸೆಯನ್ನು ಹಾಡಿದಾಗ ಆ ಸಾಲನ್ನೇ ಹಿಮ್ಮೇಳ ಮರಳಿ ಹಾಡಿದರೆ, ಅವನ ಬಾಯಲ್ಲಿ ಸವಿಯಾಗಿದ್ದ ಮಾತು ಊರವರ ಬಾಯಲ್ಲಿ ಭಯಂಕರವಾಗಿ ಕೇಳಿಸುತ್ತದೆ. ನಾವು ಕಂಡ ವೇದಿಕೆಯಲ್ಲಿ ಇಬ್ಬರು ಗಾಯಕರನ್ನು ಒಂದು ಮೂಲೆಯಲ್ಲಿ ಧ್ವನಿವರ್ಧಕದ ಮುಂದೆ ಕೂಡಿಸಿದ್ದರು. ಹಾಡು ಸ್ಪಷ್ಟವಾಗಿ ಕೇಳಿಸಿತು, ನಿಜ. ಆದರೆ ಸಂಗ್ಯಾನ ಬೆನ್ನ ಹಿಂದೆ ಯಾರೂ ಇರಲಿಲ್ಲ.

ಪ್ರವಾಸಿಗಳಿಗಾಗಿ ಆಡಿದ ಮಾತ್ರಕ್ಕೆ ಕಲೆ ಕೆಡಲೇಬೇಕೆಂದಿಲ್ಲ. ಬಾಲಿ ದ್ವೀಪದ ‘ಕೆಚಕ್’ ಎಂಬ ನೃತ್ಯನಾಟಕವು ಇಂದಿನ ರೂಪಕ್ಕೆ ಬಂದುದು 1930ರ ದಶಕದಲ್ಲಿ. ಆವೇಶದ ಒಂದು ಧಾರ್ಮಿಕ ಆಚರಣೆಯಲ್ಲಿದ್ದ ಗಂಡಸರ ಮೇಳಗಾನಕ್ಕೆ ರಾಮಾಯಣದ ಕಥೆಯನ್ನು ಹೊಂದಿಸಿ, ಹೊರಗಿನಿಂದ ಬಂದ ನೋಟಕರಿಗಾಗಿ ಅದನ್ನು ರೂಪಿಸಿದರು. ಈ ಕಾರ್ಯದಲ್ಲಿ ಅಲ್ಲಿಯ ನರ್ತಕ ವಯಾನ್ ಲಿಂಬಾಕ್‌ನೊಡನೆ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್‌ನೂ ಇದ್ದನು. ಅಲ್ಲಿ ಮೇಳವನ್ನು ಮೂಲೆಗೆ ತಳ್ಳಲಿಲ್ಲ. ಹತ್ತಾರು ಜನರ ಆ ವೃತ್ತವೇ ರಂಗವಾಯಿತು. ಕೇರಳದ ಕೊಚ್ಚಿಯಲ್ಲಿ ಪ್ರವಾಸಿಗಳಿಗೆ ತೋರಿಸುವ ಕಥಕಳಿಯಾದರೂ ಮೊದಲು ಮುಖವರ್ಣಿಕೆಯನ್ನು ನೋಡಗೊಟ್ಟು, ಮುದ್ರೆಗಳನ್ನು ವಿವರಿಸಿ, ಆಮೇಲೆ ಒಂದು ಪ್ರಸಂಗದ ತುಣುಕನ್ನು ಆಡುತ್ತದೆ. ಇಡೀ ಕಥೆಯನ್ನು ಹಿಂಡಿ ಹಿಪ್ಪೆ ಮಾಡುವುದಕ್ಕಿಂತ ಇದು ಲೇಸಾದ ಮಾರ್ಗ.

ನಮ್ಮಲ್ಲಿಯೂ ಇದಕ್ಕೆ ಅನುಕೂಲವಿದೆ. ಪಾರಿಜಾತದ ಆರಂಭದಲ್ಲಿ ಗೊಲ್ಲತಿಗೂ ಭಾಗವತನಿಗೂ ನಡೆಯುವ ಸಂವಾದವು ತಾನೇ ಒಂದು ಪೂರ್ಣವಾದ ಆಟದಂತಿದೆ; ಪ್ರಶ್ನೆ ಕೇಳುವ ಭಾಗವತನೊಬ್ಬನು ರಂಗದ ಮೇಲೆಯೇ ಇರುವುದರಿಂದ, ಏನೂ ತಿಳಿಯದ ಪರಸ್ಥಳದವನಿಗೂ ಒಳಗೆ ಬರಲು ಬಾಗಿಲು ತೆರೆದಂತಾಗುತ್ತದೆ. ‘ಸಂಗ್ಯಾ-ಬಾಳ್ಯಾ’ವನ್ನು ಆಡುವುದಾದರೆ, ಕೊಲೆಯನ್ನು ಬಿಟ್ಟುಬಿಡಲಿ. ಕಥೆಯನ್ನು ಅಚ್ಚುಮಾಡಿದ ಒಂದು ಹಾಳೆಯಲ್ಲಿ ನೋಟಕರ ಕೈಗೆ ಮುಂಚೆಯೇ ಕೊಡಬಹುದು. ಆ ಅರ್ಧ ಗಂಟೆಯನ್ನು ಪೂರ್ತಿಯಾಗಿ ಗಂಗೆ ಮತ್ತು ಪಾರಮ್ಮರಿಗೆ ಬಿಟ್ಟುಕೊಡಲಿ. ಹಾಗೆ ಮಾಡಿದರೆ ವೇಷಧಾರಿಗಳು ಇಬ್ಬರೇ ಸಾಕು. ಪ್ರಯಾಣದ ಖರ್ಚು ಉಳಿಸಬೇಕೆನ್ನುವವರು ಇತರ ಪಾತ್ರಗಳವರನ್ನು ಊರಿನಲ್ಲಿಯೇ ಬಿಟ್ಟು ಬರಬಹುದು. ಹಿಮ್ಮೇಳದವರು ಮಾತ್ರ ಎಲ್ಲರೂ ಬರಬೇಕು, ಬಂದು ಗಂಗೆಯ ಬೆನ್ನ ಹಿಂದೆ ನಿಲ್ಲಬೇಕು.