ಪರಮಾಣು, ಅಣು, ರೇಣು: ಬೀದರ ಸೀಮೆಯ ರಸಾಯನಪಾಠದ ಭಾಷಾವಿಚಾರ

ಭಾಲ್ಕಿ, ಔರಾದ ತಾಲೂಕುಗಳ ಕನ್ನಡ ಪ್ರೌಢಶಾಲೆಗಳಲ್ಲಿ ‘ಅಣು’ ಎಂಬ ಶಬ್ದದಿಂದ ಬೋಧಿಸಲ್ಪಡುವ ವಸ್ತು ಒಂದು. ಅದೇ ತಾಲೂಕುಗಳ ಮರಾಠಿ ಶಾಲೆಗಳಲ್ಲಿ ಅದೇ ಶಬ್ದದಿಂದ ಬೋಧಿಸಲ್ಪಡುವ ವಸ್ತು ಮತ್ತೊಂದು. ಕನ್ನಡದ ಶಾಸ್ತ್ರಭಾಷೆಯಲ್ಲಿ ಮೂಲವಸ್ತುವಿನ ಕಣವು ಪರಮಾಣು. ಪರಮಾಣುಗಳು ಕೂಡಿ ಆದುದು ಅಣು. ಮರಾಠಿಯಲ್ಲಾದರೋ ಮೊದಲನೆಯದೇ ಅಣು, ಎರಡನೆಯದು ರೇಣು. ಬೀದರ ನಗರದ ಉರ್ದು ಪಾಠಕ್ಕೆ ಬಂದರೆ ಇವೆರಡೂ ಅಲ್ಲದೆ ಜೌಹರ್ ಮತ್ತು ಸಾಲಿಮಾ ಎಂಬ ಬೇರೊಂದು ಜೋಡಿ ಕೇಳಿಬರುವುದು. ಮೂವರು ಮಕ್ಕಳು ಒಂದೇ ಓಣಿಯಲ್ಲಿ ಆಡಿ ಬೆಳೆದು, ಒಂದೇ ಪರೀಕ್ಷಾಮಂಡಲಿಯ ಪ್ರಶ್ನೆಗಳಿಗೆ ಉತ್ತರ ಬರೆಯುವರು. ಅವರಲ್ಲಿ ಇಬ್ಬರು ಒಂದೇ ಶಬ್ದವನ್ನು ಎರಡು ಅರ್ಥದಲ್ಲಿ ಕಲಿತಿರುವರೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಶಬ್ದಭೇದ ಮಾತ್ರವಿದ್ದಿದ್ದರೆ ಬಾಧಕವಿರಲಿಲ್ಲ. ಆದರೆ ಇಲ್ಲಿ ಕೆಡುವುದು ಪಾಠದ ತಿರುಳೇ. “ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣುಗಳಿರುವುವು” ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಇದು ನಿರ್ದುಷ್ಟವಾದ ವಾಕ್ಯ. ಮನೆಯಲ್ಲಿ ಮರಾಠಿಯನ್ನಾಡಿ, ಕೆಳಗಿನ ತರಗತಿಗಳನ್ನು ಮರಾಠಿಯಲ್ಲಿ ಓದಿ, ಕನ್ನಡ ಶಾಲೆಗೆ ಬಂದ ಬಾಲಕನ ಕಿವಿಗೆ ಇದರ ಪೂರ್ವಾರ್ಧವು ನೀರಿಗೆ ತನ್ನದೇ ಮೂಲಕಣವೊಂದುಂಟೆಂದು ತಿಳಿಸುವುದು. ಅಂದರೆ ನೀರು ಮೂಲವಸ್ತುವೆಂದಾಯಿತು! ಪಂಚಭೂತಗಳಲ್ಲಿ ಒಂದಾದ ನೀರು ಸಂಯುಕ್ತವಸ್ತುವೆಂದು ಸಾಧಿಸುವುದಕ್ಕಾಗಿಯೇ ಹೊರಟ ಪಾಠವು, ಒಂದು ಶಬ್ದದ ದೆಸೆಯಿಂದ, ಪಂಚಭೂತಗಳ ಕಡೆಗೇ ಹುಡುಗನನ್ನು ಮರಳಿ ನೂಕಿತು. ಅವನು ದಡ್ಡನೆಂಬ ಮಾತು ಬರುವುದು ತರುವಾಯ.

ಈ ಸೀಮೆಗೆ ಈ ಸ್ಥಿತಿ ಒದಗಿದ ಕಾರಣ ಸರ್ವವಿದಿತವಾದುದೇ. 1948ರ ವರೆಗೆ ಬೀದರ ಜಿಲ್ಲೆಯು ನಿಜಾಮರ ಆಳಿಕೆಯಲ್ಲಿದ್ದಿತು. 1917ರಲ್ಲಿ ಹೈದರಾಬಾದಿನಲ್ಲಿ ಅನುವಾದಶಾಖೆಯೊಂದು ಏರ್ಪಟ್ಟು, ಮರುವರ್ಷ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕಾಗಿ ಭೌತ ರಸಾಯನಗಳೆಲ್ಲವನ್ನೂ ಉರ್ದುವಿಗೆ ತಂದಿತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಬಹುದೆಂದು ತೋರಿಸಿದ ಆ ಸಾಹಸವು ಶ್ಲಾಘ್ಯವಾದುದು. ಅದೇ ಕಾಲದಲ್ಲಿ ಆ ಸಂಸ್ಥಾನದ ಕನ್ನಡ ಮರಾಠಿಗಳಿಗೆ ಅಂತಹ ಆಶ್ರಯ ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ. 1956ರ ನವೆಂಬರು 1ರಂದು ಜಿಲ್ಲೆಯು ಒಡೆದು ಉದಗೀರ, ನಿಲಂಗಾ, ಅಹ್ಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೂ ಸೇರಿದುವು. ಗಡಿಯನ್ನು ಎಳೆದುದಾಯಿತು, ಮನೆಮಾತನ್ನು ಹಾಗೆ ಎಳೆಯಲಾಗುವುದಿಲ್ಲ.

ಇನ್ನು ಮೂರು ಜೋಡಿಗಳಲ್ಲಿ ಯಾವುದು ಹೆಚ್ಚು ಯುಕ್ತವೆಂಬುದನ್ನು ವಿಚಾರಿಸಬೇಕಾಗಿದೆ. ಕನ್ನಡದ ವಿದ್ವಾಂಸರು ಪರಮಾಣು–ಅಣು ಎಂಬ ಜೋಡಿಯನ್ನು ಶಾಸ್ತ್ರಸಮ್ಮತವೆಂದೂ, ಮರಾಠಿಯದನ್ನು ವ್ಯತ್ಯಸ್ತವೆಂದೂ ಭಾವಿಸುವುದುಂಟು. ಶಾಸ್ತ್ರಗಳನ್ನು ನೋಡಿದರೆ ಈ ಭಾವನೆಗೆ ಆಧಾರ ಸಾಲದು. ವೈಶೇಷಿಕರಲ್ಲಿ ಎರಡು ಕಣಗಳು ಕೂಡಿದುದಕ್ಕೆ ದ್ವ್ಯಣುಕವೆಂದು ಹೆಸರು. ‘ಎರಡು ಅಣುಗಳುಳ್ಳದ್ದು’ ಎಂಬುದೇ ಅದರ ಅರ್ಥವಾದುದರಿಂದ ಅಲ್ಲಿ ಅಣುವೆಂದರೆ ಮೂಲಕಣವೇ ಸರಿ. ಮೂರು ದ್ವ್ಯಣುಕಗಳಿಂದಾಗಿ, ಬೆಳಕಿಂಡಿಯ ಬಿಸಿಲಿನಲ್ಲಿ ಕಣ್ಣಿಗೆ ಬೀಳುವ ಧೂಳಿಯು ತ್ರಸರೇಣು. ಹೀಗೆ ನೋಡಿದರೆ ಚಿಕ್ಕದಕ್ಕೆ ಅಣುವೆಂದೂ ಕೂಡಿದುದಕ್ಕೆ ರೇಣುವೆಂದೂ ಕರೆದ ಮರಾಠಿಯು ಈ ಕ್ರಮಕ್ಕೆ ಹತ್ತಿರವಾಗಿಯೇ ನಡೆದಿದೆ. ಕನ್ನಡನಾಡಿಗೆ ಚಿರಪರಿಚಿತವಾದ ಜೈನದರ್ಶನದಲ್ಲಿಯೂ ಹಾಗೆಯೇ: ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಪುದ್ಗಲವು ಅಣು ಮತ್ತು ಸ್ಕಂಧಗಳೆಂದು ಇಬ್ಬಗೆಯಾಗಿದೆ; ಅಣುಗಳು ಸ್ನಿಗ್ಧತೆ ರೂಕ್ಷತೆಗಳಿಂದ ಬಂಧಗೊಂಡು ಸ್ಕಂಧವಾಗುವುವು. (ರಾಸಾಯನಿಕ ‘ಬಂಧ’ವೆಂಬ ಇಂದಿನ ಮಾತು ಕೇಳಿದಾಗ ಈ ಸೂತ್ರಗಳು ನೆನಪಾಗದಿರುವುದು ಕಷ್ಟ.) ಕನ್ನಡದ ಪಕ್ಷಕ್ಕೂ ಒಂದು ಸಮರ್ಥನೆ ಇಲ್ಲದಿಲ್ಲ. ವೈಶೇಷಿಕರು ದ್ವ್ಯಣುಕಕ್ಕೂ ಅಣುಪರಿಮಾಣವನ್ನೇ ಹೇಳುವುದರಿಂದ, ಅದಕ್ಕೆ ಅಣುವೆಂದು ಹೆಸರಿಟ್ಟು, ಅದಕ್ಕಿಂತ ಸೂಕ್ಷ್ಮವಾದುದಕ್ಕೆ ‘ಪರಮ’ವೆಂಬ ವಿಶೇಷಣವನ್ನು ಸೇರಿಸಬಹುದು. ಹಿಂದಿಯೂ ಈ ಮಾರ್ಗವನ್ನೇ ಹಿಡಿದಿರುವುದು. ಜೌಹರ್ ಎಂಬುದಕ್ಕೆ ರತ್ನ, ಸಾರ, ದ್ರವ್ಯ ಎಂಬ ಅರ್ಥಗಳಿದ್ದು, ಇಸ್ಲಾಮೀ ತರ್ಕಶಾಸ್ತ್ರಜ್ಞರು ಅವಿಭಾಜ್ಯಕಣವನ್ನು ಈ ಹೆಸರಿನಿಂದಲೇ ಚರ್ಚಿಸಿರುವರು. ಮೂರೂ ಕುಲೀನವಾದ ಶಬ್ದಗಳೇ. ಹೆಸರಾಂತ ಪಾಠವು ಕಣಾದನ ಹೆಸರನ್ನು ಒಮ್ಮೆ ಹೇಳಿ ಗೌರವ ಸಲ್ಲಿಸಿ ಮುಂದೆ ಸಾಗುವುದು. ಅವನ ಶಬ್ದವು ಎರಡು ದೇಶಭಾಷೆಗಳಲ್ಲಿ ಎರಡು ದಾರಿ ಹಿಡಿದುದನ್ನು ಹೇಳಿದ್ದರೆ ಆ ಗೌರವಕ್ಕೆ ಪ್ರಯೋಜನವೂ ಸೇರುತ್ತಿದ್ದಿತು.

ಕನ್ನಡವು ತನ್ನ ನಿಯಮವನ್ನು ತಾನೇ ಪಾಲಿಸಿದೆಯೇ ಎಂದರೆ ಅದೂ ಇಲ್ಲ. 1945ರಲ್ಲಿ ಹಿರೋಶಿಮಾ ನಾಗಾಸಾಕಿಗಳ ಮೇಲೆ ಬಿದ್ದುದು ಕನ್ನಡದ ಬಳಕೆಯಲ್ಲಿ ಅಣುಬಾಂಬು. ಕೈಗಾದಲ್ಲಿರುವುದು ಅಣುವಿದ್ಯುತ್ ಸ್ಥಾವರ. ಪಾಠದ ಪ್ರಕಾರ ಒಡೆಯುವುದು ಪರಮಾಣುವಿನ ಗರ್ಭವೇ ಹೊರತು ಅಣುವಲ್ಲ. ಬೆಳಿಗ್ಗೆ ಪತ್ರಿಕೆಯಲ್ಲಿ ಮರಾಠಿಯ ಅರ್ಥವನ್ನೂ ಮಧ್ಯಾಹ್ನ ತರಗತಿಯಲ್ಲಿ ಕನ್ನಡದ ಅರ್ಥವನ್ನೂ ಓದುವ ವಿದ್ಯಾರ್ಥಿಯು ಬೆಂಗಳೂರಿನಲ್ಲಿಯೂ ಇರುವನು. ಆದುದರಿಂದ ಇದನ್ನು ಗಡಿನಾಡಿನ ರೋಗವೆಂದು ತಳ್ಳಿಬಿಡಲಾಗದು. ಗಡಿನಾಡಿನಲ್ಲಿ ಅದು ಬೇಗ ಕಾಣಿಸಿಕೊಳ್ಳುವುದು, ಅಷ್ಟೆ.

ಶಬ್ದದಿಂದ ಉಪಮಾನಕ್ಕೆ ಬಂದರೆ ವಿಮರ್ಶಕನಿಗೆ ಇನ್ನೂ ಹೆಚ್ಚಿನ ಕೆಲಸವಿದೆ. ಕಣ್ಣಿಗೆ ಕಾಣದ ವಸ್ತುವನ್ನು ಕುರಿತ ಪಾಠವು ಉಪಮಾನವಿಲ್ಲದೆ ಒಂದು ಹೆಜ್ಜೆಯೂ ಇಡಲಾರದು. ಪರಮಾಣುರಚನೆಯ ಪಾಠವೆಂದರೆ ಒಂದಾದ ಮೇಲೊಂದು ಉಪಮಾನವನ್ನು ಕಟ್ಟಿ ಕೆಡವಿದ ಕಥೆಯೇ. 1897ರಲ್ಲಿ ಇಲೆಕ್ಟ್ರಾನನ್ನು ಕಂಡ ಥಾಮ್ಸನ್ನನ ಪರಮಾಣುವನ್ನು ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಪುಸ್ತಕವು ಕಲ್ಲಂಗಡಿಗೆ ಹೋಲಿಸಿತು: ಕೆಂಪು ತಿರುಳು ಧನವಿದ್ಯುತ್ತು, ಅದರಲ್ಲಿ ಹುದುಗಿದ ಬೀಜಗಳು ಇಲೆಕ್ಟ್ರಾನುಗಳು. ಬೇಸಗೆಯಲ್ಲಿ ಕಲ್ಲಂಗಡಿಯ ರಾಶಿಗಳನ್ನು ಕಾಣುವ ಬೀದರದ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಹೋಲಿಕೆ ಬೇಕಿಲ್ಲ. ಆದರೆ ಕೆಲವೇ ಪುಟಗಳ ಅನಂತರ, 1911ರ ರುದರ್‌ಫರ್ಡನ ಪ್ರಯೋಗವನ್ನು ಹೇಳುವಾಗ, ಕನ್ನಡದ ಉಪಾಧ್ಯಾಯನು ನ್ಯೂಕ್ಲಿಯಸ್ಸಿಗೆ ರೂಢಿಯಲ್ಲಿರುವ ‘ಬೀಜಕೇಂದ್ರ’ವೆಂಬ ಮಾತನ್ನು ಬಳಸುವನು. ಹಿಂದಿನ ವಾರ ಬೀಜವಾಗಿದ್ದುದು ಇಲೆಕ್ಟ್ರಾನು. ಈ ವಾರ ಬೀಜವಾದುದು ಅದಕ್ಕೆ ವಿರುದ್ಧವಾದ ವಿದ್ಯುತ್ತುಳ್ಳ ಗರ್ಭ. ಇಂಗ್ಲಿಷಿನಲ್ಲಿ ಕಲ್ಲಂಗಡಿಯ ಬೀಜಕ್ಕೂ ನ್ಯೂಕ್ಲಿಯಸ್ಸಿಗೂ ಶಬ್ದಸಂಬಂಧ ಕಾಣದು. ಎಡವಟ್ಟು ಹುಟ್ಟುವುದು ಕನ್ನಡದಲ್ಲಿ ಮಾತ್ರ. ಎರಡನ್ನೂ ಪ್ರತ್ಯೇಕವಾಗಿ ಆರಿಸಿದವರು ಜಾಣರೇ, ಒಟ್ಟಿಗಿಟ್ಟು ಓದಿದವರಿಲ್ಲ.

‘ಕವಚ’ವೆಂಬುದು ಇದಕ್ಕಿಂತ ಅಪಾಯಕರ. ಬೋರನು 1913ರಲ್ಲಿ ಹೇಳಿದುದು ಶಕ್ತಿಯ ನಿಯತವಾದ ಮಟ್ಟಗಳನ್ನು. ಕವಚವೆಂದೊಡನೆ ಕನ್ನಡಿಗನ ಮನಸ್ಸಿಗೆ ಬರುವವನು ಕರ್ಣ. ಮೈಗಂಟಿದ ಗಟ್ಟಿಯಾದ ಹೊದಿಕೆ, ಬಾಣ ತಾಗದ ರಕ್ಷೆ. ಪರಮಾಣುವಿನಲ್ಲಿ ಅಂತಹ ಹೊದಿಕೆಯೇನೂ ಇಲ್ಲ. ಇದ್ದಿದ್ದರೆ ರುದರ್‌ಫರ್ಡನ ಆಲ್ಫಾಕಣಗಳು ಚಿನ್ನದ ತಗಡನ್ನು ದಾಟಿ ಹೋಗುತ್ತಿರಲಿಲ್ಲ. ಒಂದು ಪುಟದಲ್ಲಿ ಬಯಲೆಂದು ಹೇಳಿದುದಕ್ಕೆ ಮುಂದಿನ ಪುಟದಲ್ಲಿ ಕವಚ ತೊಡಿಸುವುದು ಸಲ್ಲದು. ‘ಶಕ್ತಿಮಟ್ಟ’ವೆಂಬ ಸಾದಾ ಮಾತು ಬಳಕೆಯಲ್ಲಿ ಇದ್ದೇ ಇದೆ, ಅದನ್ನೇ ಮುಂದಕ್ಕೆ ತರಬಹುದು. ‘ಕಕ್ಷೆ’ಯ ಮಾತು ಹಾಗಲ್ಲ. ಗ್ರಹಗಳ ದಾರಿಯ ಈ ಹೆಸರು ಬೋರನ ಚಿತ್ರಕ್ಕೆ ಒಪ್ಪುವುದು. 1926ರ ಸುಮಾರಿಗೆ ಆ ಚಿತ್ರವನ್ನೇ ಭೌತಶಾಸ್ತ್ರವು ಕೈಬಿಟ್ಟುದರಿಂದ ದೋಷವು ಚಿತ್ರದ್ದು, ಶಬ್ದದ್ದಲ್ಲ.

ಎಲ್ಲ ಉಪಮಾನಗಳೂ ಹೀಗೆಯೇ ಎನ್ನುವಂತಿಲ್ಲ. ಕಣ್ಣು ಮುಚ್ಚಿದ ಮಗುವೊಂದು ಗೋಡೆಗೆ ಕಲ್ಲೆಸೆದರೆ ಪ್ರತಿ ಕಲ್ಲಿಗೂ ಸದ್ದು ಕೇಳುವುದು. ಮುಳ್ಳುತಂತಿಯ ಬೇಲಿಗೆ ಎಸೆದರೆ ಹೆಚ್ಚಿನವು ಸದ್ದಿಲ್ಲದೆ ದಾಟುವುವು. ಅದೇ ಪುಸ್ತಕದ ಈ ದೃಷ್ಟಾಂತವು ಇಡೀ ಪಾಠದ ಸಾಹಿತ್ಯಗುಣವನ್ನೆಲ್ಲ ತನ್ನಲ್ಲಿ ಅಡಗಿಸಿಕೊಂಡಿದೆ. ಕಾಣದವನು ಮೌನದಿಂದ ಬಯಲನ್ನು ಊಹಿಸುವ ಪರಿ ಅದು. ಪ್ರಯೋಗದಲ್ಲಿ ಸುಮಾರು 12,000ಕ್ಕೆ ಒಂದು ಕಣ ಹಿಂದಿರುಗಿತೆಂಬ ಅಂಕೆಯು ಈ ಕಥೆಯ ಹಿಂದೆ ಬಂದಾಗಲೇ ವಿದ್ಯಾರ್ಥಿಯು ಬೆರಗಾಗುವನು. ಪ್ರಮಾಣದ ಕಲ್ಪನೆಗೆ ಸ್ಥಳೀಯವಾದ ಸಾಮಗ್ರಿಯೂ ಉಂಟು. ಪರಮಾಣುವಿನ ವ್ಯಾಸವು ಗರ್ಭದ ವ್ಯಾಸಕ್ಕಿಂತ ಸುಮಾರು 1 ಲಕ್ಷ ಪಟ್ಟು ಹೆಚ್ಚು. 5 ಮಿಲಿಮೀಟರಿನ ತೊಗರಿಯ ಕಾಳೊಂದನ್ನು, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸದ ಅಂಗಳದ ನಡುವೆ ಇಟ್ಟರೆ, ಪರಮಾಣುವಿನ ಅಂಚು ಎಲ್ಲ ಕಡೆಗೂ 250 ಮೀಟರು ದೂರದಲ್ಲಿ, ಮದರಸವನ್ನು ಬಹುದೂರ ಮೀರಿ, ಪೇಟೆಯ ಬೀದಿಗಳಲ್ಲಿ ಬೀಳುವುದು. ನಡುವಣ ಊರೆಲ್ಲ ಬಯಲು.

ಸ್ಥಳೀಯವಾದುದನ್ನು ತರುವುದಕ್ಕೂ ಒಂದು ಎಚ್ಚರಿಕೆ ಬೇಕು. ಬೀದರವೆಂದೊಡನೆ ಬಿದರಿಯನ್ನು ತಾರದ ಉಪಾಧ್ಯಾಯನಿಲ್ಲ. ಹೆಚ್ಚು ಪಾಲು ಸತು, ಅಲ್ಪ ಪಾಲು ತಾಮ್ರ ಸೇರಿದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಲ್ಲಿ ಕಾಯಿಸಿದರೆ ಪಾತ್ರೆಯ ಮೈ ಕಪ್ಪಾಗುವುದು, ಬೆಳ್ಳಿ ಬೆಳ್ಳಗೇ ಉಳಿಯುವುದು. ಥಾಮ್ಸನ್ನನ ಪರಮಾಣುವಿಗೆ ಇದನ್ನು ಹೋಲಿಸಬಹುದೆಂಬ ಆಸೆ ಸಹಜ. ಆದರೆ ಬೆಳ್ಳಿಯು ಮೇಲ್ಮೈಯಲ್ಲಿ ಮಾತ್ರವಿದ್ದು ಒಳಗಿಲ್ಲವಾದುದರಿಂದ ಹೋಲಿಕೆ ನಿಲ್ಲದು. ಬಿದರಿಯು ಉಪಮಾನವಲ್ಲ, ಉದಾಹರಣೆ. ಮತ್ತು ಬಹಳ ಕಠಿನವಾದ ಉದಾಹರಣೆ. ಪಾಠದ ಪಟ್ಟಿ ಜಲಜನಕದಿಂದ ಆರ್ಗಾನಿನ ವರೆಗೆ 18 ಮೂಲವಸ್ತುಗಳಿಗೆ ಮುಗಿಯುವುದು. ತಾಮ್ರದ ಸಂಖ್ಯೆ 29, ಸತುವಿನದು 30, ಬೆಳ್ಳಿಯದು 47. ಇಷ್ಟಾದರೂ ಚುರುಕಾದ ಹುಡುಗಿಯೊಬ್ಬಳು ಪುಸ್ತಕದ ಕೊನೆಗಿಂತ ಮುಂದೆ ಎಣಿಸಿದಳೆನ್ನೋಣ: ಸೋಡಿಯಮಿನ ಹೊರಮಟ್ಟದಲ್ಲಿ ಇಲೆಕ್ಟ್ರಾನು ಒಂದೇ, ಬೆಳ್ಳಿಯ ಹೊರಮಟ್ಟದಲ್ಲಿಯೂ ಒಂದೇ. ಹೊರಮಟ್ಟದ ಸಂಖ್ಯೆಯೇ ವಸ್ತುವಿನ ನಡತೆಯನ್ನು ನಿರ್ಣಯಿಸುವುದೆಂದು ಪಾಠ ಹೇಳಿದೆ. ಸೋಡಿಯಂ ನೀರಿಗೆ ಬಿದ್ದರೆ ಭುಗಿಲೇಳುವುದು. ಬೆಳ್ಳಿಯು ಕೋಟೆಯ ಮಣ್ಣಿನ ಕುದಿನೀರಿನಿಂದಲೂ ಹೊಳೆಯುತ್ತ ಹೊರಬರುವುದು. ಉತ್ತರವು ಒಳಮಟ್ಟಗಳಲ್ಲಿಯೂ, ಗರ್ಭದ ಹೆಚ್ಚಿದ ಸೆಳೆತದಲ್ಲಿಯೂ ಇರುವುದು. ಅದು ಆ ತರಗತಿಗೆ ಮೀರಿದುದು. ಮೀರಿದುದೆಂದು ಹೇಳುವ ಒಂದು ವಾಕ್ಯವನ್ನು ಪಾಠದಲ್ಲಿ ಸೇರಿಸುವುದು ಮಾತ್ರ ಯಾವ ತರಗತಿಗೂ ಮೀರಿದುದಲ್ಲ.

ಕನ್ನಡಕ್ಕೆ ಈ ಬಗೆಯ ಬರವಣಿಗೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ರಸಾಯನದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯನ್ನು ಬರೆದರು. ಇವೆಲ್ಲ ಹುಟ್ಟಿದುದು ಬೆಂಗಳೂರು ಮೈಸೂರುಗಳಲ್ಲಿ, ಕನ್ನಡವನ್ನು ಮಾತ್ರ ಕೇಳುತ್ತಿದ್ದ ಕಿವಿಗಾಗಿ. ಔರಾದದ ಕಿವಿಗೆ ಬೇಕಾದುದು ಹೊಸ ಪರಿಭಾಷೆಯಲ್ಲ; ಪಾಠದ ಮೊದಲ ಪುಟದಲ್ಲಿ ಪರಮಾಣು, ಅಣು, ಜೌಹರ್‌ಗಳನ್ನು ಒಂದು ಸಾಲಿನಲ್ಲಿಯೂ, ಅಣು, ರೇಣು, ಸಾಲಿಮಾಗಳನ್ನು ಅದರ ಕೆಳಗಿನ ಸಾಲಿನಲ್ಲಿಯೂ ಬರೆದ ಒಂದು ಚಿಕ್ಕ ಕೋಷ್ಟಕ. ಎರಡು ಸಾಲುಗಳಲ್ಲಿಯೂ ಬಂದಿರುವ ಒಂದು ಶಬ್ದದ ಕೆಳಗೆ ಗೆರೆಯೆಳೆಯುವುದನ್ನು ವಿದ್ಯಾರ್ಥಿಗಳಿಗೇ ಬಿಡಬಹುದು.